ನಾಲ್ಕು ದೇಶ ಬೇಡ, ಎರಡು ಸಾಕು

14 ಮತ್ತು 16 ವಯಸ್ಸಿನ ಮಕ್ಕಳ ಜೊತೆ ಜೂನ್‌ನಲ್ಲಿ ಹತ್ತು ದಿನಕ್ಕೆ ನಾಲ್ಕು ನಾರ್ಡಿಕ್ ದೇಶ ಆಗುತ್ತಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಸ್ವೀಡನ್, ನಾರ್ವೆ ಎರಡೇ ಇಟ್ಟುಕೊಳ್ಳಿ.

ಸ್ಟಾಕ್‌ಹೋಮ್‌ನ ವಾಸಾ ಮ್ಯೂಸಿಯಂ ಬಿಡಬೇಡಿ. 1628ರಲ್ಲಿ ಮೊದಲ ಯಾನದಲ್ಲೇ ಮುಳುಗಿದ ಹಡಗನ್ನು 1961ರಲ್ಲಿ ಮೇಲೆತ್ತಿ ಅಲ್ಲಿ ನಿಲ್ಲಿಸಿದ್ದಾರೆ. ಮೊಬೈಲ್ ಬಿಡದ ಮಕ್ಕಳೂ ತಲೆ ಎತ್ತಿ ನೋಡುತ್ತಾರೆ.

ಆಮೇಲೆ ನಾರ್ವೆಯಲ್ಲಿ ಓಸ್ಲೋದಿಂದ ಬರ್ಗೆನ್ ಕಡೆಗೆ ರೈಲು. ಮಧ್ಯೆ ಮಿರ್ಡಾಲ್‌ನಲ್ಲಿ ಇಳಿದು ಫ್ಲಾಮ್ ರೈಲು ಹಿಡಿಯಿರಿ. ಬರೀ 20 ಕಿ.ಮೀ.ಯಲ್ಲಿ 860 ಮೀಟರ್‌ಗೂ ಜಾಸ್ತಿ ಕೆಳಗಿಳಿಯುತ್ತದೆ! ಕೆಳಗಿನ ಫ್ಲಾಮ್ ಊರಿನಲ್ಲಿ ಎರಡು ರಾತ್ರಿ ಇರಿ. ರಾತ್ರಿ ಹತ್ತಕ್ಕೂ ಬೆಳಕಿರುತ್ತದೆ. ಮಕ್ಕಳು ತಡವಾಗಿ ಏಳಲಿ ಬಿಡಿ, ಊಟ ಮುಗಿಸಿ ಸುತ್ತಾಡಿದರಾಯಿತು.

ಜೂನ್ 19ರಿಂದ 25ರ ನಡುವಿನ ಶುಕ್ರವಾರ ಸ್ವೀಡನ್‌ನಲ್ಲಿ ಮಿಡ್‌ಸಮ್ಮರ್ ಹಬ್ಬ. ಎಷ್ಟೋ ಅಂಗಡಿ ಮುಚ್ಚಿರುತ್ತವೆ. ಬ್ರೆಡ್, ಮೊಸರು ಗುರುವಾರವೇ ತಂದಿಡಿ.