ಟ್ರೆಡ್‌ಮಿಲ್ ಮೇಲೆ ಬಿ.ಪಿ. 216: ಹೃದ್ರೋಗದ ಸೂಚನೆಯೇ?

ಪ್ರಶ್ನೆ: ನಾನು 54 ವರ್ಷದ ಪುರುಷ. ಟಿಎಂಟಿಯಲ್ಲಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಹೃದಯ ನೋಡುವ ಪರೀಕ್ಷೆ) 134/84 ಇದ್ದ ಬಿ.ಪಿ. ಒಂಬತ್ತನೇ ನಿಮಿಷಕ್ಕೆ 216/86ಕ್ಕೆ ಏರಿತು. ಎದೆನೋವು ಬರಲಿಲ್ಲ, ಇಸಿಜಿಯಲ್ಲೂ ಬದಲಾವಣೆ ಇಲ್ಲವಂತೆ. ಇದು ಹೃದಯದ ಕಾಯಿಲೆಯೇ?

ಉತ್ತರ: ಈ ಏರಿಕೆಯೊಂದನ್ನೇ ಹಿಡಿದು ಹೃದಯದ ರಕ್ತನಾಳ ಕಟ್ಟಿಕೊಂಡಿದೆ ಎನ್ನಲಾಗದು. ನಡಿಗೆ ಬಿರುಸಾದಂತೆ ಹೃದಯ ಹೆಚ್ಚು ರಕ್ತ ದೂಡುತ್ತದೆ, ಮೇಲಿನ ಅಂಕಿ ಏರಲೇಬೇಕು. ದುಡಿಯುವ ಸ್ನಾಯುಗಳ ರಕ್ತನಾಳಗಳು ಹಿಗ್ಗುವುದರಿಂದ ಕೆಳಗಿನ ಅಂಕಿ ಇದ್ದಲ್ಲೇ ಇರುತ್ತದೆ ಇಲ್ಲವೇ ತುಸು ಇಳಿಯುತ್ತದೆ. ನಿಮ್ಮ 86ರ ಬಗ್ಗೆ ಚಿಂತೆ ಬೇಡ. 216 ಮಾತ್ರ ಹೆಚ್ಚೇ. ಗಂಡಸರಲ್ಲಿ 210, ಹೆಂಗಸರಲ್ಲಿ 190 ಮುಟ್ಟಿದರೆ ಅತಿಯಾದ ಏರಿಕೆ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ರಕ್ತನಾಳಗಳು ಪೆಡಸಾಗಿರಬಹುದು, ಬಿ.ಪಿ. ಕಾಯಿಲೆ ಒಳಗೊಳಗೇ ಶುರುವಾಗಿರಬಹುದು, ಮುಂದೆ ಬರಲೂಬಹುದು.

ಪರೀಕ್ಷೆಯಲ್ಲಿ ಹೆಚ್ಚು ಹೆದರಬೇಕಾದದ್ದು ಬಿ.ಪಿ. ಇಳಿದಾಗ. ವೇಗ, ಏರು ಹೆಚ್ಚಿಸುತ್ತಿದ್ದರೂ ಮೇಲಿನ ಅಂಕಿ 10ಕ್ಕಿಂತ ಹೆಚ್ಚು ಕುಸಿದು, ಜೊತೆಗೆ ಎದೆನೋವು ಅಥವಾ ಇಸಿಜಿ ಬದಲಾವಣೆ ಕಂಡರೆ ಆ ಕ್ಷಣವೇ ನಿಲ್ಲಿಸಬೇಕು. ಹೃದಯಕ್ಕೆ ರಕ್ತ ಕೊಡುವ ಎಡಭಾಗದ ಮುಖ್ಯ ರಕ್ತನಾಳ ಅಥವಾ ಮೂರೂ ದೊಡ್ಡ ನಾಳಗಳು ಕಿರಿದಾಗಿದ್ದರೆ ಹೃದಯದ ಸ್ನಾಯುವಿಗೇ ರಕ್ತ ಸಾಲದೆ ಅದರ ಒತ್ತುವ ಬಲ ಕುಗ್ಗುತ್ತದೆ. ಮಹಾಧಮನಿಯ ಕವಾಟ ಕಿರಿದಾಗಿದ್ದರೂ ಹೀಗಾಗಬಹುದು. ಮೈಯಲ್ಲಿ ನೀರಿನಂಶ ಕಡಿಮೆಯಾದಾಗ, ಬಿ.ಪಿ. ಮಾತ್ರೆ ನುಂಗಿದ್ದಾಗಲೂ ಇಳಿಕೆ ಕಾಣಬಹುದು. ನಡಿಗೆ ಥಟ್ಟನೆ ನಿಲ್ಲಿಸಿದ ಮೇಲೆ ಇಳಿಯುವುದು ಬೇರೆ ವಿಷಯ, ಆಗ ರಕ್ತ ಕಾಲುಗಳಲ್ಲೇ ನಿಂತುಬಿಡುತ್ತದೆ.

ಅಳತೆಯೇ ತಪ್ಪಿರಬಹುದೇ ಎಂದೂ ವಿಚಾರಿಸಿ. ಟ್ರೆಡ್‌ಮಿಲ್‌ನ ಹಿಡಿಕಂಬಿಯನ್ನು ಬಿಗಿಯಾಗಿ ಹಿಡಿದಿದ್ದರೆ, ತೋಳಿಗೆ ಕಟ್ಟುವ ಪಟ್ಟಿ ಚಿಕ್ಕದಾಗಿದ್ದರೆ ಅಂಕಿ ಹೆಚ್ಚು ಬರುತ್ತದೆ. ಓಡುವ ಅಲುಗಾಟದಲ್ಲಿ ಸ್ವಯಂಚಾಲಿತ ಯಂತ್ರಕ್ಕಿಂತ ಸ್ಟೆತಸ್ಕೋಪ್ ಇಟ್ಟು ನೋಡಿದ್ದೇ ನಂಬಲರ್ಹ.

ವರದಿಯಲ್ಲಿ ನಡಿಗೆ ನಿಲ್ಲಿಸಿದ ಮೇಲಿನ ವಿಶ್ರಾಂತಿಯ ಮೂರನೇ ನಿಮಿಷದ ಬಿ.ಪಿ.ಯ ಮೇಲಿನ ಅಂಕಿ ಹುಡುಕಿ. ಅದು ಗರಿಷ್ಠದ ಶೇ. 90ಕ್ಕಿಂತ ಕೆಳಗಿರಬೇಕು, ಅಂದರೆ ನಿಮಗೆ ಸುಮಾರು 194. ಅದಕ್ಕೂ ಹೆಚ್ಚಿದ್ದರೆ ವೈದ್ಯರ ಗಮನಕ್ಕೆ ತನ್ನಿ. ಮನೆಯಲ್ಲಿ ಏಳು ದಿನ, ಬೆಳಿಗ್ಗೆ ಸಂಜೆ ಎರಡೆರಡು ಬಾರಿ, ಐದು ನಿಮಿಷ ಕುಳಿತ ಮೇಲೆ ಅಳೆದು ಬರೆದಿಡಿ. ಮೊದಲ ದಿನದ್ದನ್ನು ಬಿಟ್ಟು ಸರಾಸರಿ ತೆಗೆದಾಗ 135/85 ಅಥವಾ ಹೆಚ್ಚು ಬಂದರೆ ಚಿಕಿತ್ಸೆಯ ಮಾತು ಆಡಬೇಕು. ನಡೆಯುವಾಗ ಎದೆ ಬಿಗಿದರೆ, ಕಣ್ಣು ಕತ್ತಲಿಟ್ಟರೆ ಆ ಏಳು ದಿನ ಕಾಯಬೇಡಿ, ಅಂದೇ ವೈದ್ಯರನ್ನು ಕಾಣಿ.