ಪುಟಾಣಿ ಉಗಿ ರೈಲಿನ ಇತಿಹಾಸ

ಪ್ರಶ್ನೆ: ಮನರಂಜನಾ ಉದ್ಯಾನಗಳಲ್ಲಿ ಓಡುವ ಪುಟಾಣಿ ಉಗಿ ರೈಲುಗಳಿಗೆ ಹೇಳಿಕೊಳ್ಳುವಂಥ ಇತಿಹಾಸವೇನಾದರೂ ಇದೆಯೇ?

ಉತ್ತರ: ಖಂಡಿತ ಇದೆ. ಎರಡು ಹಳಿಗಳ ನಡುವೆ 15 ಅಂಗುಲ, ಅಂದರೆ 381 ಮಿಲಿಮೀಟರ್ ಅಂತರವಿರುವ ಮಾರ್ಗವನ್ನು 1870ರ ದಶಕದಲ್ಲಿ ಪ್ರಚಾರಕ್ಕೆ ತಂದ ಇಂಗ್ಲೆಂಡಿನ ಸರ್ ಆರ್ಥರ್ ಹೇವುಡ್ ಅವರ ಮನಸ್ಸಿನಲ್ಲಿದ್ದದ್ದು ಮಕ್ಕಳ ವಿನೋದವಲ್ಲ, ದೊಡ್ಡ ಜಮೀನುಗಳ ಸರಕು ಸಾಗಣೆ. ಅದೇ ಅಳತೆ ಮುಂದೆ ವಿಹಾರದ ರೈಲುಗಳಿಗೆ ಒದಗಿಬಂದದ್ದು ಸ್ವಾರಸ್ಯಕರ.

ಇದಕ್ಕೆ ಒಳ್ಳೆಯ ನಿದರ್ಶನ ವೇಲ್ಸ್‌ನ ಕಡಲತೀರದ ಊರಾದ ರಿಲ್. ಅಲ್ಲಿನ ಮರೀನ್ ಲೇಕ್ ಕೆರೆಯನ್ನು ಸುತ್ತುವ, ಸುಮಾರು ಒಂದು ಮೈಲಿ ಉದ್ದದ ಮಾರ್ಗ 1911ರಲ್ಲಿ ಆರಂಭವಾಯಿತು. ಕೆರೆಯ ದಂಡೆಯ ಮನರಂಜನಾ ಉದ್ಯಾನವನ್ನು ನಡೆಸುತ್ತಿದ್ದ ಆಲ್ಬರ್ಟ್ ಬಾರ್ನ್ಸ್ ಅವರ ಸಂಸ್ಥೆಯು ಹೆನ್ರಿ ಗ್ರೀನ್ಲಿ ಅವರ ವಿನ್ಯಾಸವನ್ನು ಆಧರಿಸಿ 1920ರಿಂದೀಚೆಗೆ ಆರು ಎಂಜಿನ್‌ಗಳನ್ನು ಅದೇ ಊರಿನಲ್ಲಿ ತಯಾರಿಸಿತು. ಮೊದಲನೆಯದರ ಹೆಸರು ‘ಜೋನ್’. ಇವು ಆಟಿಕೆಗಳಲ್ಲ. ಕಲ್ಲಿದ್ದಲು, ಬಾಯ್ಲರ್, ಪಿಸ್ಟನ್ ಎಲ್ಲವೂ ಅಸಲಿಯೇ. ಚಾಲಕ ಮಾತ್ರ ಎಂಜಿನ್ನಿನೊಳಗೆ ಹಿಡಿಸದೆ, ಹಿಂದಿನ ಟೆಂಡರಿನಲ್ಲಿ (ಕಲ್ಲಿದ್ದಲು, ನೀರು ಹೊರುವ ಬಂಡಿಯಲ್ಲಿ) ಕುಳಿತು, ಮುಂದಕ್ಕೆ ಬಾಗಿ ಕುಲುಮೆಗೆ ಕಲ್ಲಿದ್ದಲು ಹಾಕಬೇಕು.

1969ರಲ್ಲಿ ಮುಚ್ಚಿದ ಈ ಮಾರ್ಗ 1978ರಲ್ಲಿ ಮತ್ತೆ ತೆರೆಯಿತು. ವಿಯೆನ್ನಾದ ಪ್ರಾಟರ್ ಉದ್ಯಾನದಲ್ಲಿಯೂ ಇದೇ ಅಳತೆಯ ರೈಲು 1928ರಿಂದ ಓಡುತ್ತಿದೆ.