ಬಂದರಿಗೆ ಮರಳದ ಹಡಗುಗಳು: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ನಮ್ಮ ಅಜ್ಜನ ಅಣ್ಣ ಹೊನ್ನಾವರದಿಂದ ಮುಂಬಯಿಗೆ ಬಂದು ಹಡಗಿನ ಕಲ್ಲಿದ್ದಲ ಕೆಲಸಕ್ಕೆ ಸೇರಿದ್ದರಂತೆ. 1917ರ ಮಳೆಗಾಲದಲ್ಲಿ ಮುಂಬಯಿ ಹತ್ತಿರವೇ ಹಡಗು ಮುಳುಗಿ ತೀರಿಕೊಂಡರು, ಜರ್ಮನರ ಸಬ್‌ಮರೀನ್ ಹೊಡೆಯಿತು ಎಂದು ಮನೆಯಲ್ಲಿ ಹೇಳುತ್ತಾರೆ. ಹಡಗಿನ ಹೆಸರು ಯಾರಿಗೂ ಗೊತ್ತಿಲ್ಲ. ಈಗ ಪತ್ತೆ ಹಚ್ಚಲು ಸಾಧ್ಯವೇ?
– ಡೊಂಬಿವಲಿಯ ಓದುಗರು

ಉತ್ತರ: ಪ್ರಯತ್ನಿಸಲು ಒಳ್ಳೆಯ ಆಧಾರವೇ ಇದೆ. '1917ರ ಮಳೆಗಾಲ', 'ಮುಂಬಯಿ ಹತ್ತಿರ' ಎಂಬ ಎರಡು ಮಾತನ್ನು ನಿಮ್ಮ ಹಿರಿಯರು ನೂರು ವರ್ಷ ಕಾಪಾಡಿಕೊಂಡು ಬಂದಿದ್ದಾರೆ, ಅವು ಬಹಳ ಬೆಲೆಬಾಳುತ್ತವೆ. ಸಬ್‌ಮರೀನ್ ಮಾತನ್ನು ಮಾತ್ರ ಬದಿಗಿಡಿ. ಆ ಮಳೆಗಾಲದಲ್ಲಿ ಮುಂಬಯಿ ಹೊರಗೆ ಹಡಗುಗಳನ್ನು ಮುಳುಗಿಸಿದ್ದು ಮೈನು, ಅಂದರೆ ಸಮುದ್ರದಲ್ಲಿ ಇಳಿಸಿಡುವ ಸಿಡಿಗುಂಡು. ವೋಲ್ಫ್ ಎಂಬ ಜರ್ಮನ್ ಹಡಗು ಸಾಧಾರಣ ಸರಕು ಹಡಗಿನ ವೇಷದಲ್ಲಿ ಬಂದು, 1917ರ ಆರಂಭದಲ್ಲಿ ಕೊಲಂಬೊ ಮತ್ತು ಮುಂಬಯಿಯ ಹಡಗು ಹಾದಿಗಳಲ್ಲಿ ಮೈನು ಇಳಿಸಿ ಹೋಯಿತು. ಜೂನ್ 17ರಂದು ಕ್ರಾಕ್ಸ್‌ಟೆತ್ ಹಾಲ್, ಜೂನ್ 23ರಂದು ಪಿ ಅಂಡ್ ಓ ಕಂಪನಿಯ ಮಂಗೋಲಿಯಾ ಅದಕ್ಕೆ ಬಲಿಯಾದವು. ಮಂಗೋಲಿಯಾದಲ್ಲಿ ಸತ್ತವರು 23 ಜನ.

ಇಳಿಸಿ ನಾಲ್ಕು ತಿಂಗಳಾದ ಮೇಲೆ ಮೈನು ಸಿಡಿಯುವುದು ಹೇಗೆ ಎಂದು ಅನುಮಾನ ಬರಬಹುದು. ಒಳಗೆ ಗಾಳಿ ತುಂಬಿದ ಉಕ್ಕಿನ ಗುಂಡು ಅದು, ಮೇಲಕ್ಕೇಳಲು ನೋಡುತ್ತಿರುತ್ತದೆ. ತಳದಲ್ಲಿ ಕೂತ ಭಾರವೊಂದು ತಂತಿ ಹಗ್ಗದಿಂದ ಅದನ್ನು ನೀರಿನ ಮೇಲ್ಮೈಗಿಂತ ಸ್ವಲ್ಪ ಕೆಳಗೆ ಹಿಡಿದಿಟ್ಟಿರುತ್ತದೆ. ಗುಂಡಿನ ಮೈಮೇಲೆ ಸೀಸದ ಕೊಂಬುಗಳು, ಪ್ರತಿ ಕೊಂಬಿನೊಳಗೆ ಆಮ್ಲ ತುಂಬಿದ ಗಾಜಿನ ನಳಿಗೆ. ಹಡಗಿನ ಹೊಟ್ಟೆ ತಾಗಿದರೆ ಸೀಸ ಬಾಗುತ್ತದೆ, ಗಾಜು ಒಡೆಯುತ್ತದೆ, ಆಮ್ಲ ಕೆಳಗಿಳಿದು ಅಲ್ಲಿದ್ದ ಒಣ ಬ್ಯಾಟರಿಗೆ ಜೀವ ಬರುತ್ತದೆ. ಅಲ್ಲಿಯವರೆಗೆ ವಿದ್ಯುತ್ತೇ ಇರುವುದಿಲ್ಲ, ಹಾಗಾಗಿ ತಿಂಗಳುಗಟ್ಟಲೆ ಕಾದರೂ ಬ್ಯಾಟರಿ ಸೋರಿಹೋಗುವ ಪ್ರಶ್ನೆಯಿಲ್ಲ. ಸಿಡಿಯುವುದು ನೀರಿನ ಮಟ್ಟದ ಕೆಳಗೆ. ಬಾಯ್ಲರ್ ಮುಂದೆ ದುಡಿಯುವವರು ಇರುವುದೂ ಅಲ್ಲೇ. ಮೇಲೆ ಬರಲು ಅವರಿಗಿದ್ದದ್ದು ಕಡಿದಾದ ಕಬ್ಬಿಣದ ಏಣಿ.

ಇನ್ನು ಹುಡುಕುವ ಕೆಲಸ. ಮೊದಲ ಮಹಾಯುದ್ಧದಲ್ಲಿ ಸಮುದ್ರವೇ ಸಮಾಧಿಯಾದ 2,000ಕ್ಕೂ ಹೆಚ್ಚು ಭಾರತೀಯ ನಾವಿಕರ ಸ್ಮಾರಕ ಮುಂಬಯಿಯಲ್ಲೇ, ಮಸ್ಜಿದ್ ಬಂದರಿನ ಇಂಡಿಯನ್ ಸೇಲರ್ಸ್ ಹೋಮ್‌ನಲ್ಲಿದೆ. ಅದರ ಹೆಸರುಗಳನ್ನು ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ಜಾಲತಾಣದಲ್ಲಿ ದುಡ್ಡಿಲ್ಲದೆ ನೋಡಬಹುದು. ಹೆಸರಿನಿಂದ ಶುರು ಮಾಡಬೇಡಿ. 'ಬಾಂಬೆ 1914–1918 ಮೆಮೋರಿಯಲ್' ಎಂದು ಸ್ಮಾರಕವನ್ನು ಆರಿಸಿ, ತಾರೀಖನ್ನು 1917ರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಟ್ಟು, ಬಂದಷ್ಟನ್ನೂ ಓದಿ. ಕನ್ನಡದ ಹೆಸರನ್ನು ಇಂಗ್ಲಿಷ್ ಗುಮಾಸ್ತ ಕಿವಿಗೆ ಬಿದ್ದ ಹಾಗೆ ಬರೆದಿರುತ್ತಾನೆ, ನಿಮ್ಮ ಕಾಗುಣಿತಕ್ಕೆ ಅದು ಸಿಗುವುದಿಲ್ಲ. ಊರು ಬರೆದಿದ್ದರೆ ಹೊನ್ನಾವರವು 'ಹೊನಾವರ್' ಆಗಿರಬಹುದು, 'ಓನೋರ್' ಕೂಡ ಆಗಿರಬಹುದು. ಜಿಲ್ಲೆಯ ಜಾಗದಲ್ಲಿ 'ಕೆನರಾ' ಎಂದಿದ್ದರೆ ಅದನ್ನು ದಾಟಿಹೋಗಬೇಡಿ.

ನಮ್ಮ ಕರಾವಳಿಯವರು ಎಡವುವ ಒಂದು ಜಾಗವಿದೆ. ಹಡಗಿನ ಪಟ್ಟಿಯಲ್ಲಿ 'ಭಂಡಾರಿ' ಎಂದು ಕಂಡ ಕೂಡಲೇ ನಮ್ಮವರೇ ಎಂದು ಹಿಗ್ಗಬೇಡಿ. ಖಲಾಸಿಗಳ ಭಾಷೆಯಲ್ಲಿ ಭಂಡಾರಿ ಎಂದರೆ ಅಡುಗೆಯವನು. ಸಾರಂಗ ಎಂದರೆ ಮುಖ್ಯಸ್ಥ, ತಿಂಡಲ ಅವನ ಕೈಕೆಳಗಿನವನು. ನಿಮಗೆ ಬೇಕಾದವರು ಬೆಂಕಿ ನೋಡಿಕೊಳ್ಳುವ ಆಗ್‌ವಾಲಾ, ಇಲ್ಲವೇ ಕಲ್ಲಿದ್ದಲು ಹೊರುವ ಕೋಯ್ಲಾವಾಲಾ. ಇಂಗ್ಲಿಷ್ ದಾಖಲೆಯಲ್ಲಿ ಅವರು 'ಫೈರ್‌ಮನ್', 'ಟ್ರಿಮ್ಮರ್'.

ಮಂಗೋಲಿಯಾ ಎಂದು ಹುಡುಕಿದರೆ ಅದೇ ಹೆಸರಿನ ಅಮೆರಿಕದ ಹಡಗೂ ಎದುರಾಗುತ್ತದೆ. 1917ರ ಏಪ್ರಿಲ್‌ನಲ್ಲಿ ಸಬ್‌ಮರೀನಿನ ಮೇಲೆ ಗುಂಡು ಹಾರಿಸಿದ್ದು ಅದು, ನಮ್ಮದಲ್ಲ. ಇಲ್ಲೆಲ್ಲೂ ಸಿಗದಿದ್ದರೆ ಕಾರಣ ಯುದ್ಧವಲ್ಲದೆ ಬಿರುಗಾಳಿಯೋ ಕಾಯಿಲೆಯೋ ಆಗಿರಬಹುದು. ಆಗ ಕೋಟೆ ಪ್ರದೇಶದ ಎಲ್ಫಿನ್‌ಸ್ಟನ್ ಕಾಲೇಜು ಕಟ್ಟಡದಲ್ಲಿರುವ ಮಹಾರಾಷ್ಟ್ರ ರಾಜ್ಯ ಪತ್ರಾಗಾರಕ್ಕೆ ಹೋಗಿ. ಉತ್ತರ ಕನ್ನಡ ಆಗ ಮುಂಬಯಿ ಪ್ರಾಂತ್ಯದಲ್ಲೇ ಇದ್ದದ್ದು ನಿಮಗೆ ಅನುಕೂಲ. ಕುಂದಾಪುರದವರಾಗಿದ್ದರೆ ಮದ್ರಾಸಿನ ಕಾಗದ ಹುಡುಕಬೇಕಾಗುತ್ತಿತ್ತು.

ಪ್ರಶ್ನೆ: 1909ರಲ್ಲಿ ವಾರಾಟಾ ಎಂಬ ಹಡಗು 211 ಜನರೊಂದಿಗೆ ಮಾಯವಾಯಿತು, ಒಂದು ಹಲಗೆಯೂ ಸಿಗಲಿಲ್ಲ ಎಂದು ಓದಿದೆ. ಅಷ್ಟು ದೊಡ್ಡ ಹಡಗು ಕಾಣೆಯಾಗುವುದು ಹೇಗೆ?
– ಪುಣೆಯ ಓದುಗರು

ಉತ್ತರ: ಅದು 9,000 ಟನ್ನಿಗೂ ಮೀರಿದ, ಕಟ್ಟಿ ಒಂದು ವರ್ಷವೂ ಸರಿಯಾಗಿ ಆಗದ ಹಡಗು. ಜುಲೈ 26ರಂದು ಡರ್ಬನ್ ಬಿಟ್ಟು ಕೇಪ್‌ಟೌನಿಗೆ ಹೊರಟಿತು. ಮರುದಿನ ಬೆಳಿಗ್ಗೆ ಕ್ಲಾನ್ ಮ್ಯಾಕಿಂಟೈರ್ ಎಂಬ ಹಡಗಿನ ಜತೆ ದೀಪದ ಸಂಕೇತದಲ್ಲಿ ಮಾತಾಡಿ ಮುಂದೆ ಸಾಗಿತು. ವೈರ್‌ಲೆಸ್ ಇರಲಿಲ್ಲವಾದ್ದರಿಂದ ಕಣ್ಣಿಗೆ ಮರೆಯಾದ ಮೇಲೆ ಅದರ ಸುದ್ದಿ ಯಾರಿಗೂ ತಲುಪುವಂತಿರಲಿಲ್ಲ. ಅಲ್ಲಿ ಅಗುಲ್ಹಾಸ್ ಎಂಬ ಸಮುದ್ರ ಪ್ರವಾಹ ನೈಋತ್ಯಕ್ಕೆ ಓಡುತ್ತದೆ. ಎದುರಿನಿಂದ ನೈಋತ್ಯದ ಗಾಳಿ ಬೀಸಿದರೆ ಅಲೆಗಳು ಕುಗ್ಗಿ, ಕಡಿದಾಗಿ, ಗೋಡೆಯಂತೆ ಏಳುತ್ತವೆ.

ಹಡಗು ತಲೆಭಾರವಾಗಿತ್ತೇ ಎಂಬುದು ವಿಚಾರಣೆಯಲ್ಲಿ ಬಹಳ ಚರ್ಚೆಯಾಯಿತು. ಅದರ ಓಲಾಟಕ್ಕೆ ಹೆದರಿ ಒಬ್ಬ ಪ್ರಯಾಣಿಕ ಡರ್ಬನ್‌ನಲ್ಲೇ ಇಳಿದುಬಿಟ್ಟಿದ್ದ. ತಲೆಭಾರದ ಹಡಗು ಜೋರಾಗಿ ಓಲಾಡುತ್ತದೆ ಎಂದುಕೊಳ್ಳುವುದು ತಪ್ಪು, ಅದು ನಿಧಾನವಾಗಿ ಓಲಾಡುತ್ತದೆ. ಒಂದು ಬದಿಗೆ ವಾಲಿ, ಅಲ್ಲೇ ನಿಂತು, ಏಳಲೋ ಬೇಡವೋ ಎಂಬಂತೆ ಮರಳುತ್ತದೆ. ಲೆಕ್ಕ ಹೀಗಿದೆ: ಹಡಗಿನ ಅಗಲವನ್ನು ಮೀಟರಿನಲ್ಲಿ 0.8ರಿಂದ ಗುಣಿಸಿ, ಭಾರಕೇಂದ್ರಕ್ಕೂ ಅದರ ಮೇಲಿರುವ ಮೆಟಾಸೆಂಟರ್ ಬಿಂದುವಿಗೂ (ಹಡಗು ವಾಲಿದಾಗ ನೀರು ಎತ್ತಿಹಿಡಿಯುವ ಬಲದ ಗೆರೆ ಹಡಗಿನ ನಡುಗೆರೆಯನ್ನು ಕೂಡುವ ಜಾಗ) ಇರುವ ಅಂತರದ ವರ್ಗಮೂಲದಿಂದ ಭಾಗಿಸಿದರೆ ಒಂದು ಪೂರ್ಣ ಓಲಾಟದ ಸೆಕೆಂಡುಗಳು ಬರುತ್ತವೆ. 18 ಮೀಟರ್ ಅಗಲದ ಹಡಗಿಗೆ ಆ ಅಂತರ 1 ಮೀಟರ್ ಇದ್ದರೆ ಸುಮಾರು 14 ಸೆಕೆಂಡು. 0.3 ಮೀಟರಿಗೆ ಇಳಿದರೆ 26 ಸೆಕೆಂಡು. ಹಾಸಿಗೆಯಲ್ಲಿ ಮಲಗಿದವನಿಗೆ ಹಿತವೆನಿಸುವ ಓಲಾಟವೇ ಅಪಾಯದ ಸೂಚನೆ.

ಉಗಿ ಹಡಗಿನಲ್ಲಿ ಕೆಳಗಿನ ಕಲ್ಲಿದ್ದಲು ಉರಿದು ಮುಗಿದಂತೆ ಭಾರಕೇಂದ್ರ ಮೇಲೇರುತ್ತದೆ. ಆಗ ತಳದ ತೊಟ್ಟಿಗಳಿಗೆ ನೀರು ತುಂಬಬೇಕು, ಅದೂ ಪೂರ್ತಿ. ಅರ್ಧ ತುಂಬಿದರೆ ಮೊದಲಿಗಿಂತ ಕೆಡುಕು. ಹರಿವಾಣದಲ್ಲಿ ಅರ್ಧ ನೀರು ಹಾಕಿ ಎತ್ತಿಕೊಂಡು ನಡೆದು ನೋಡಿ: ಯಾವ ಕಡೆ ವಾಲಿತೋ ಆ ಕಡೆಗೇ ನೀರು ನುಗ್ಗಿ ಇನ್ನಷ್ಟು ವಾಲಿಸುತ್ತದೆ. ಈ ಸ್ಥಿತಿಯಲ್ಲಿರುವ ಹಡಗಿಗೆ ಗೋಡೆಯಂಥ ಅಲೆಯೊಂದು ಬಡಿದರೆ ದೋಣಿ ಇಳಿಸಲೂ ಸಮಯ ಸಿಗುವುದಿಲ್ಲ. ವಾರಾಟಾದ ಅವಶೇಷ ಇಂದಿಗೂ ಸಿಕ್ಕಿಲ್ಲ. ಸಿಕ್ಕಿತೆಂದು 1999ರಲ್ಲಿ ಸಾರಿದ್ದು ಎರಡನೇ ಮಹಾಯುದ್ಧದ ನೈಲ್ಸಿ ಮೆಡೋ ಎಂಬ ಸರಕು ಹಡಗು ಎಂದು ಆಮೇಲೆ ಗೊತ್ತಾಯಿತು.

ಪ್ರಶ್ನೆ: ಮುಂಬಯಿಗೆ ಬಂಗಾರ ತರುತ್ತಿದ್ದ ಈಜಿಪ್ಟ್ ಹಡಗು ಮುಳುಗಿತಲ್ಲ, ಬಂಗಾರ ಸಿಕ್ಕಿತೇ?
– ವಾಸ್ಕೋದ ಓದುಗರು

ಉತ್ತರ: ಬಹುಪಾಲು ಸಿಕ್ಕಿತು. 1922ರ ಮೇ 20ರ ಸಂಜೆ, ಫ್ರಾನ್ಸಿನ ಉಶಾಂತ್ ದ್ವೀಪದ ಬಳಿ ಮಂಜಿನಲ್ಲಿ ಸೇನ್ ಎಂಬ ಫ್ರೆಂಚ್ ಹಡಗು ಬಂದು ಗುದ್ದಿತು. ಸುಮಾರು 20 ನಿಮಿಷದಲ್ಲಿ ಈಜಿಪ್ಟ್ ಮುಳುಗಿತು. ಅದರಲ್ಲಿ ಟನ್‌ಗಟ್ಟಲೆ ಬಂಗಾರ, ಬೆಳ್ಳಿ ಇತ್ತು. ಆಳ 120 ಮೀಟರಿನಷ್ಟು, ಆ ಕಾಲದ ಮುಳುಗುಗಾರರು ಇಳಿದು ಕೆಲಸ ಮಾಡುವ ಮಾತಿರಲಿಲ್ಲ. ಇಟಲಿಯ ಆರ್ಟಿಲಿಯೋ ಹಡಗಿನವರು ಉಕ್ಕಿನ ಕೊಳವೆಯಂಥ ಗೂಡಿನಲ್ಲಿ ಒಬ್ಬನನ್ನು ಇಳಿಸುತ್ತಿದ್ದರು. ಅವನು ಗಾಜಿನ ಕಿಂಡಿಯಿಂದ ನೋಡುತ್ತ ಟೆಲಿಫೋನಿನಲ್ಲಿ ಹೇಳಿದಂತೆ ಮೇಲಿನವರು ಕಬ್ಬಿಣದ ಪಂಜ ಆಡಿಸಬೇಕು. ಖಜಾನೆ ಕೋಣೆ ಒಳಗಡೆ ಇದ್ದುದರಿಂದ ಅಂತಸ್ತುಗಳನ್ನು ಒಂದೊಂದಾಗಿ ಸಿಡಿಸಿ ಕಿತ್ತರು. 1930ರ ಡಿಸೆಂಬರಿನಲ್ಲಿ, ಮದ್ದುಗುಂಡು ತುಂಬಿದ್ದ ಬೇರೊಂದು ಮುಳುಗಿದ ಹಡಗನ್ನು ಸಿಡಿಸುವಾಗ ಆರ್ಟಿಲಿಯೋವೇ ನಾಶವಾಗಿ ಅದರ ಹಲವು ಜನ ಸತ್ತರು. ಎರಡನೇ ಆರ್ಟಿಲಿಯೋ 1932ರ ಜೂನ್‌ನಲ್ಲಿ ಬಂಗಾರ ಮೇಲೆತ್ತಿತು.

ಈಜಿಪ್ಟ್‌ನಲ್ಲಿ ಸತ್ತ 86 ಜನರಲ್ಲಿ 71 ಮಂದಿ ಹಡಗಿನ ಕೆಲಸದವರು. ಆಗಿನ ಇಂಗ್ಲಿಷ್ ಪತ್ರಿಕೆಗಳು ಖಲಾಸಿಗಳು ದೋಣಿಗೆ ನುಗ್ಗಿದರೆಂದು ಅವರ ಮೇಲೇ ತಪ್ಪು ಹೊರಿಸಿದವು. ವಿಚಾರಣೆ ಮಾತ್ರ ಕ್ಯಾಪ್ಟನ್ನನ್ನು ಹೊಣೆ ಮಾಡಿ ಅವನ ಲೈಸೆನ್ಸನ್ನು 6 ತಿಂಗಳು ಅಮಾನತಿನಲ್ಲಿಟ್ಟಿತು. ಯುದ್ಧದ ಸಾವಲ್ಲವಾದ್ದರಿಂದ ಈ 71 ಜನರ ಹೆಸರು ಮಸ್ಜಿದ್ ಬಂದರಿನ ಸ್ಮಾರಕದಲ್ಲಿ ಸೇರಿಲ್ಲ. ಗೋವೆಯಲ್ಲಿ ಅವರಿಗಾಗಿ ಹುಡುಕುವವರು ಇದನ್ನು ಮೊದಲೇ ತಿಳಿದಿರಲಿ.